ಕಲ್ಲಣ್ಣನ ಒಳಕಿಸೆ

ನನ್ನ ಹಿರಿಮಗಳ ಲಗ್ನದಲ್ಲಿ, ಲಕ್ಷ್ಮೇಶ್ವರದ ಮಂಟಪದೊಳಗೆ, ಸರಿಯಾಗಿ ಅಕ್ಕಿಕಾಳು ಬೀಳುವ ಗಳಿಗೆಗೆ ನನ್ನ ಜೊತೆ ನೇಯುವ ಕಲ್ಲಣ್ಣ ತಾನೇ ನೇಯ್ದ ಅಂತರಪಟವನ್ನು ಮತ್ತೊಬ್ಬನ ಕೈಗೆ ಕೊಟ್ಟು, ಎಡಗಾಲೆಳೆಯುತ್ತ, ಬೇಸಗೆಯಲ್ಲೂ ಬಿಚ್ಚದ ಕರಿಕೋಟಿನ ಒಳಕಿಸೆಯನ್ನು ಅದುಮಿಕೊಂಡು ಹಿತ್ತಲಿಗೆ ನಡೆದುಬಿಟ್ಟ. ಆಮೇಲೆ ಊಟದ ಪಂಕ್ತಿಯಲ್ಲಿ ನೂರು ಮಂದಿಗೆ ಕೇಳುವಂತೆ ಅವನನ್ನು ಬೈದೆ: "ಕಿಸೆದಾಗ ಬಾಟಲಿ ಇಟಗೊಂಡು ಕುಡಿಯಾಕ ಹೋಗಿದ್ಯೇನಲೇ?"

ಅವನು ಎಲೆಯಿಂದ ತಲೆಯೆತ್ತಲಿಲ್ಲ. "ಹೋಳಿಗಿ ಚಲೋ ಆಗ್ಯಾವು" ಅಂದ.

ಅಂದೇ ಖರೆ ಹೇಳಬಾರದಿತ್ತೇ ಎಂಬ ಸಿಟ್ಟು ನನಗಿನ್ನೂ ಇದೆ. ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವನ ಮೂತ್ರಕೋಶ ತಾನಾಗಿ ಬರಿದಾಗುವುದನ್ನು ಬಿಟ್ಟಿತ್ತು. ನಾಲ್ಕು ತಾಸಿಗೊಮ್ಮೆ ತೆಳುವಾದ ನಳಿಕೆಯನ್ನು ತಾನೇ ಒಳಗಿಳಿಸಿ ಖಾಲಿ ಮಾಡಬೇಕಿತ್ತು. ಬೆಟಗೇರಿಯ ಮಗ್ಗದ ಮನೆಯಲ್ಲಿ ನನ್ನ ಪಕ್ಕದಲ್ಲೇ ಕೂತು, ಬಲಗಾಲೊಂದರಿಂದಲೇ ಮಗ್ಗ ತುಳಿಯುತ್ತ, ಸೀರೆ ಮೂರು ಮೊಳ ಬೆಳೆಯಿತೆಂದರೆ ಎದ್ದು ಹೋಗುತ್ತಿದ್ದ. ಬೀಡಿಗೆ ಎಂದುಕೊಂಡಿದ್ದೆವು.

ಆ ಲಗ್ನವಾಗಿ ಮೂರು ವರ್ಷಕ್ಕೆ ಸಕ್ಕರೆ ಕಾಯಿಲೆ ನನ್ನ ಉಚ್ಚೆಯನ್ನೂ ಕಟ್ಟಿಸಿತು. ಕಾಯಂ ಆಗಿ ಮೂತ್ರದ ಚೀಲ ಕಟ್ಟಿಕೊಳ್ಳಬೇಕು, ಇಲ್ಲವೇ ನಳಿಕೆ ಹಾಕಿಕೊಳ್ಳಲು ಕಲಿಯಬೇಕು ಎಂದರು ಡಾಕ್ಟರು. ಎರಡೂ ಬೇಡ, ಸಾಯುತ್ತೇನೆ ಎಂದೆ. ಕಲ್ಲಣ್ಣ ಬಂದವನೇ ನನ್ನನ್ನು ಬಚ್ಚಲಿಗೆಳೆದು ಅಗಳಿ ಹಾಕಿ, ಕೋಟು ಬಿಚ್ಚಿ, ಒಳಕಿಸೆಯಿಂದ ನಳಿಕೆಯ ಪಾಕೀಟು, ಜೆಲ್ಲಿನ ಟ್ಯೂಬು, ಸಾಬೂನಿನ ತುಂಡು ತೆಗೆದಿಟ್ಟ.

"ನೋಡಲೇ, ನನ್ನ ಬಾಟಲಿ."

ನಳಿಕೆ ಕೈಗೆ ತೆಗೆದುಕೊಂಡೆ. ಹರಿದ ಎಳೆ ಕೂಡಿಸುವಾಗಿನ ಮೂವತ್ತು ವರ್ಷದ ರೂಢಿ; ಬೆರಳು ನಾಲಿಗೆಗೆ ಹೋಯಿತು. ಫಟ್ಟನೆ ಮಣಿಕಟ್ಟಿಗೆ ಹೊಡೆದ.

"ಎಂಜಲ ಹಚ್ಚಾಕ ಇದೇನು ನೂಲಲ್ಲ. ನಾನೂ ಹಿಂಗ ಮಾಡಿ ಹದಿನೈದು ದಿನ ಚಳಿಜ್ವರದಾಗ ಮಲಗಿದ್ದೆ. ಕೈ ತೊಳಿ, ಮೊದಲಿಂದ."

ಎರಡು ಸಲ ತಪ್ಪಿತು. ನಳಿಕೆ ಬಿಸಾಡಿ ಅವನ ವಂಶವನ್ನೆಲ್ಲ ಬೈದೆ. ಅವನು ಹೊಸ ಪಾಕೀಟು ಹರಿದ. "ಬೈಕೋತ ಮಾಡು. ಮೈ ಬಿಗಿ ಹಿಡೀಬ್ಯಾಡ, ಉಸರ ಬಿಡು." ಮೂರನೆಯದಕ್ಕೆ ನೀರು ಬಂತು. ಅವನು ಗೋಡೆಯ ಕಡೆ ಮುಖ ತಿರುಗಿಸಿ, "ಆತಲಾ" ಅಂದ.

ಕಿರಿಮಗಳು ಅಂಕಿತಾಳ ಲಗ್ನದಲ್ಲಿ ಅಂತರಪಟ ಹಿಡಿದು ನಿಂತ ಕಲ್ಲಣ್ಣ ಅಲ್ಲಿಂದಲೇ ನನ್ನನ್ನು ಕರೆದ: "ಚನ್ನಾ, ಏಳು, ಹೊತ್ತಾತು."

"ಅಕ್ಕಿಕಾಳು?"

"ಅವು ನಿಂದ್ರತಾವು. ಇದು ನಿಂದ್ರಂಗಿಲ್ಲ."

ಬಟ್ಟೆಯ ತುದಿಯನ್ನು ಗಳಿಗೆ ಮಟ್ಟಿಗೆ ಪಕ್ಕದವನಿಗೆ ಕೊಟ್ಟು, ಮಂದಿಯ ಮುಂದೆ ಎಂದೂ ಬಿಚ್ಚದ ಕೋಟನ್ನು ಅಲ್ಲೇ ಬಿಚ್ಚಿ, ಒಳಕಿಸೆಯ ಸಾಮಾನಿನ ಸಮೇತ ನನ್ನ ಹೆಗಲಿಗೆ ಹಾಕಿದ. ನಾನು ಮರಳುವ ತನಕ ಅಂತರಪಟ ಇಳಿಸಗೊಡಲಿಲ್ಲ.

ದೇಹ ಸೋತ ಕಡೆ ಕೈಯಿಂದ ದುಡಿದು, ಅದನ್ನು ಸಾಹಸವೆಂದು ಸಾರದೆ, ನಿತ್ಯದ ಸ್ನಾನದಂತೆ ಮುಗಿಸಿ ಮತ್ತೆ ಮಗ್ಗಕ್ಕಿಳಿಯುವ ಜನರಿದ್ದಾರೆ. ಅವರು ನಮ್ಮಿಂದ ಏನನ್ನೂ ಕೇಳುವುದಿಲ್ಲ, ಕ್ಷಮೆಯನ್ನೂ. ಕೋಟು ಅಂದೇ ಮರಳಿಸಿದೆ. ನೂರು ಮಂದಿಯೆದುರು ಆಡಿದ ಮಾತನ್ನು ನೂರು ಮಂದಿಯೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಅವತ್ತೂ ಅಷ್ಟೇ ಮಂದಿ ಕೂಡಿದ್ದರು. ನಾನು ಕಲ್ಲಣ್ಣನ ಎಲೆಗೆ ಹೋಳಿಗೆ ಬಡಿಸಿ ಮುಂದಿನ ಎಲೆಗೆ ಹೋದೆ.