ಏಳು ಮನೆಯ ಕೌದಿ

ಸಿದ್ದಗಂಗಮ್ಮನವರ ಕುಲದ ಕಥೆ ಬನಶಂಕರಿಯ ಆ ಬೀದಿಯಲ್ಲಿ ಕೇಳದವರಿಲ್ಲ. ಮಾರಿಬೇನೆಯ ಕಾಲದಲ್ಲಿ ಊರೆಲ್ಲ ಬರಿದಾಗಿ, ಏಳು ಮನೆಯವರು ಮಾತ್ರ ಗುರುವಿನ ಹಿಂದೆ ಹೊಳೆ ದಾಟಿ ಬಂದರಂತೆ. ಆ ಏಳು ಮನೆಯೇ ಹಬ್ಬಿ ಈಗ ಹತ್ತಾರು ಹಳ್ಳಿಯಂತೆ. "ಶಿವ ಉಳಿಸಿದ ಬೀಜ ಕಣವ್ವಾ ನಾವು," ಎನ್ನುವರು.

ಆ ಕಥೆಯನ್ನು ಅವರು ಕೊನೆಯ ಸಲ ಹೇಳಿದ್ದು ಜಯನಗರದ ಆಸ್ಪತ್ರೆಯೊಂದರಲ್ಲಿ, ಜೀನ್ ಪರೀಕ್ಷೆ ಮಾಡಿಸಿದ್ದ ಡಾಕ್ಟರ್ ಸುರಭಿಯ ಎದುರು. ಪಕ್ಕದಲ್ಲಿ ಕೂತಿದ್ದ ತಮ್ಮ ಮಗಳು ಐಶ್ವರ್ಯಳ ಮಡಿಲಲ್ಲಿ ಅವಳ ಎಂಟು ತಿಂಗಳ ಕೂಸು ಸುಮೇಧ. ಕತ್ತು ಇನ್ನೂ ನಿಂತಿರಲಿಲ್ಲ. ಆಡುತ್ತಿದ್ದ ಕೈಕಾಲೂ ಈಚೆಗೆ ಸೋಲುತ್ತಿದ್ದವು.

"ಸಂಬಂಧದಲ್ಲೇ ಮದುವೆ ಮಾಡಿದ್ರಾ ಅಮ್ಮಾ?"

"ಛೆ! ನನ್ನ ತಮ್ಮ ಕೈಲಾಸ, ಅಕ್ಕನ ಮಗಳು ನಂಗೇ ಬೇಕು ಅಂತ ಕೂತಿದ್ದ. ಹೋಗೋ, ಮೀಸೆ ನರೆತಿದೆ ಅಂದೆ. ನಮ್ಮವರಲ್ಲೇ, ಆದ್ರೆ ಬೇರೆ ಬೆಡಗು, ಬೇರೆ ಊರು ನೋಡಿ ಕೊಟ್ಟೆ. ಬೆಡಗು ಅಂದ್ರೆ ತಂದೆ ಕಡೆ ಬಳ್ಳಿ, ತಾಯಿ." ಗೆದ್ದವರಂತೆ ನಕ್ಕರು.

ಸುರಭಿ ನಗಲಿಲ್ಲ. ಮಗುವಿನ ಅಡಿಯಲ್ಲಿದ್ದ ಕೌದಿಯನ್ನು ಮುಟ್ಟಿದಳು. "ನೀವೇ ಹೊಲಿದಿದ್ದಾ?"

"ಇನ್ಯಾರು? ಹಳೇ ಸೀರೆಗಳು."

"ಜೀನೂ ಹೀಗೇ ಅಮ್ಮಾ. ಪ್ರತಿ ಅಪ್ಪನೂ ತನ್ನ ತಂದೆತಾಯಿ ಕೊಟ್ಟ ಎರಡು ಕೌದಿ ಕತ್ತರಿಸಿ, ಬೆರೆಸಿ, ಒಂದು ಹೊಲಿದು ಮಗುಗೆ ಕೊಡ್ತಾನೆ. ಅಮ್ಮನೂ ಹಾಗೇ. ಏಳೇ ಮನೆ ಸೀರೆ ಅಂದ್ರೆ, ಎಷ್ಟು ಬೆರೆಸಿದ್ರೂ ಅವೇ ತುಂಡು ಮತ್ತೆ ಮತ್ತೆ ಬರ್ತವೆ. ಆಗಲೇ ಯಾವುದೋ ಒಂದರಲ್ಲಿ ತೂತಿತ್ತು ಅಮ್ಮಾ. ಇವನಿಗೆ ಎರಡೂ ಕಡೆಯಿಂದ ಆ ತುಂಡೇ ಬಂದಿದೆ. ಒಂದನ್ನ ಮುಚ್ಚೋಕೆ ಇನ್ನೊಂದಿಲ್ಲ."

"ಬೆಡಗು ಬೇರೆ ಇತ್ತಲ್ಲ ತಾಯಿ..."

"ತಾಯಂದಿರು ಆ ಏಳು ಮನೆಯವರೇ ಅಲ್ವಾ?"

"ಔಷಧಿ?" ಐಶ್ವರ್ಯ ಕೇಳಿದಳು.

ಸುರಭಿ ನೀರಿನ ಲೋಟವನ್ನು ಅವಳತ್ತ ಸರಿಸಿದಳು.

ಆಟೋದಲ್ಲಿ ಮನೆಗೆ ಬಂದರು. ಮನೆ ಬಾಗಿಲಲ್ಲಿ ಐಶ್ವರ್ಯ ಅಂದಳು: "ಗಂಡು ನೋಡೋವಾಗ ಅಷ್ಟು ವಿಚಾರಿಸಿದ್ಯಲ್ಲಮ್ಮಾ."

ಸಂಜೆ ಸಿದ್ದಗಂಗಮ್ಮ ಕೂಸಿನ ಹಣೆಗೆ ವಿಭೂತಿ ಇಟ್ಟರು. "ಬಳ್ಳಿ ಹಬ್ಬಲಿ ಶಿವನೇ" ಎಂಬ ದಿನದ ಬೇಡಿಕೆ ಬಾಯಿಗೆ ಬಂದು ನಿಂತಿತು. ಅವನು ಹುಟ್ಟಿದಾಗ ಕಟ್ಟಿದ್ದ ಲಿಂಗವನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟರು. ಹೋದ ತಿಂಗಳು ಅದನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳು ಈಗ ಮಡಚಿಕೊಳ್ಳಲಿಲ್ಲ. ಲಿಂಗ ಕೌದಿಯ ಮೇಲೆ ಉರುಳಿತು. ಎತ್ತಿ ಮತ್ತೆ ಇಟ್ಟರು. ಮತ್ತೆ ಉರುಳಿತು.

ಕೊನೆಗೆ ಆ ಪುಟ್ಟ ಬೆರಳುಗಳನ್ನು ತಾವೇ ಒಂದೊಂದಾಗಿ ಮಡಚಿ, ಮೇಲೆ ತಮ್ಮ ಮುಷ್ಟಿ ಮುಚ್ಚಿ ಕೂತರು. ಬಿಟ್ಟರೆ ಬೀಳುವುದೆಂದು ಅವರಿಗೆ ಗೊತ್ತಿತ್ತು.