ಕೋಟಿನ ಕೊನೆಯ ಗುಂಡಿ

ಒಂದಾನೊಂದು ಊರಿನಲ್ಲಿ ಹೊಲಿಗೆ ಯಂತ್ರದ ಸದ್ದಿಗೇ ಬೆಳಗಾಗುವ ಮನೆಯೊಂದಿತ್ತಂತೆ. ಆ ಮನೆಯ ದರ್ಜಿ ತನ್ನ ಮಗಳನ್ನು ಶಾಲೆಗೆ ಕಳಿಸದೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಓದಿಸುತ್ತಿದ್ದಳು. ಲೆಕ್ಕವೆಲ್ಲ ಅಳತೆ ಪಟ್ಟಿಯಲ್ಲಿ, ಚಿತ್ರವೆಲ್ಲ ಸೀಮೆಸುಣ್ಣದಲ್ಲಿ. ಹುಡುಗಿಗೆ ಹದಿಮೂರು. ನಾಲಿಗೆ ಹರಿತವೆಂದು ಅವಳಿಗೆ ಕತ್ತರಿ ಎಂದು ಹೆಸರಿಟ್ಟವನು ಸೋದರಮಾವ. ಬಸ್ ಡ್ರೈವರು, ಅದೇ ಮನೆಯ ಮುಂದಿನ ಕೋಣೆಯವನು.

ಹೊಸ ವರ್ಷದ ಮೊದಲ ದಿನ ಆ ಮನೆಯಲ್ಲಿ ಒಂದೇ ಪಾಠ. ಬರುವ ವರ್ಷ ಮುಗಿಯುವುದರೊಳಗೆ ಏನು ಮಾಡಿರುತ್ತೇನೆ ಎಂದು ಮೂವರೂ ಚೀಟಿ ಬರೆಯಬೇಕು. ಅಮ್ಮ ಅವನ್ನು ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಹೊಲಿದು, ಗೋಡೆಗೆ ತೂಗುಹಾಕುವಳು. ವರ್ಷ ತುಂಬಿದ ಮೇಲೆ ಹೊಲಿಗೆ ಬಿಚ್ಚಿ, ಅವರವರ ಚೀಟಿಯನ್ನು ಅವರವರೇ ಓದಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

ಹೋದ ವರ್ಷ ಕತ್ತರಿ ಬರೆದಿದ್ದಳು: ಮಾವನಿಗೆ ಒಂದು ಕೋಟು ಹೊಲಿದಿರುತ್ತೇನೆ. ಆಮೇಲೆ ದೊಡ್ಡ ಟೈಲರ್ ಆಗುತ್ತೇನೆ, ಡಿಪೋದವರೆಲ್ಲ ನನ್ನ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.

ಮೂರು ತಿಂಗಳು ಕಳೆದಿರಬೇಕು. ಮಾವನಿಗೆ ಊಟದ ಡಬ್ಬಿ ಕೊಡಲು ಡಿಪೋಗೆ ಹೋದರೆ, ಕಂಡಕ್ಟರುಗಳೆಲ್ಲ ಸಾಲಾಗಿ ನಿಂತು ಎದೆ ಉಬ್ಬಿಸಿದರು. ನನ್ನ ಅಳತೆ ಮೊದಲು ತಗೊಳಮ್ಮ ಎಂದು ಒಬ್ಬರ ಮೇಲೊಬ್ಬರು ಬಿದ್ದರು. ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಗುಂಡಿ ತೂರಿಸೋಕೆ ಒಂದು ಕಾಜಾ ಹಾಕೋಕೆ ಬರಲ್ಲ, ಕೋಟಂತೆ ಕೋಟು," ಅಂದ.

ಮನೆಗೆ ಬಂದು ಚೀಲ ನೋಡಿದಳು. ಅಮ್ಮ ಎರಡೆಳೆ ದಾರದಲ್ಲಿ ಹೊಲಿದು, ಗಂಟನ್ನು ಒಳಗೆ ಅಡಗಿಸುವವಳು. ಇಲ್ಲಿ ಒಂಟಿ ಎಳೆ, ಗಂಟು ಹೊರಗೆ, ಹಲ್ಲು ಕಿರಿದ ಹಾಗೆ. ಸ್ಟೇರಿಂಗ್ ಹಿಡಿಯುವ ಕೈಯ ಹೊಲಿಗೆ. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅಮ್ಮ ಬೈಯುತ್ತಾಳೆ, ಮಾವ ತಲೆ ಕೆರೆದುಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ಅಷ್ಟು ಅಗ್ಗಕ್ಕೆ ಬಿಡುವ ಮನಸ್ಸು ಅವಳಿಗಿರಲಿಲ್ಲ.

ಹೊಲಿಯುತ್ತೇನೆ ಅಂದಿದ್ದಾಳೆ, ಹೊಲಿದೇ ತೀರುತ್ತಾಳೆ. ಚಿಂದಿಯ ಮೇಲೆ ಇನ್ನೂರು ಕಾಜಾ ಹಾಕಿ ಕೈ ಪಳಗಿಸಿದಳು. ಸೂಜಿ ಚುಚ್ಚಿದಾಗಲೆಲ್ಲ ಆ ನಗು ಕಿವಿಯಲ್ಲಿ ಮೊಳಗುತ್ತಿತ್ತು. ಇನ್ನೊಂದು ಕಾಜಾ ಹಾಕುತ್ತಿದ್ದಳು. ಮೇಲೆ ಕಡುನೀಲಿ ಬಟ್ಟೆ, ಒಳಗೆ ಬೂದು ಅಸ್ತರು. ಅಸ್ತರಿನ ಎಡಮಗ್ಗುಲಲ್ಲಿ, ಕೆಂಪು ದಾರದಲ್ಲಿ, ಅವಳ ಸೇಡು.

ಮಾವ ಆರು ಹೊಸ ವರ್ಷ ಆ ಮನೆಯಲ್ಲಿ ಚೀಟಿ ಓದಿದ್ದ. ಆರರಲ್ಲೂ ಒಂದೇ ಸಾಲು: ಮೇಲ್ವಿಚಾರಕನ ಪರೀಕ್ಷೆ ಬರೆದಿರುತ್ತೇನೆ. ಒಮ್ಮೆಯೂ ಬರೆದಿರಲಿಲ್ಲ. ಅವಳು ಕದ್ದು ಓದಿದ್ದಲ್ಲ, ಅವನ ಬಾಯಿಂದಲೇ ಕೇಳಿದ್ದು. ಆರು ಸಾಲನ್ನೂ ಕಸೂತಿ ಹಾಕಿದಳು. ಏಳನೆಯದನ್ನೂ ಹಾಕಿಬಿಟ್ಟಳು. ಈ ಸಲ ಅವನು ಬೇರೇನಾದರೂ ಬರೆದಿದ್ದರೆ ಅವಳ ಸೇಡು ಮಣ್ಣುಪಾಲು. ಚೀಲ ಕೈಗೆಟುಕುವಷ್ಟು ಹತ್ತಿರವಿತ್ತು. ಮುಟ್ಟಲಿಲ್ಲ. ಅವಳೇನು ಮಾವನೇ?

ಹೊಸ ವರ್ಷದ ಬೆಳಗ್ಗೆ ಅಮ್ಮ ಚೀಲ ಇಳಿಸಿದಳು. ಒಂಟಿ ಎಳೆ ಕಂಡು ತಮ್ಮನನ್ನು ದುರುಗುಟ್ಟಿ ನೋಡಿದಳು. ಮಾವ ಕೆಮ್ಮಿ, ತನ್ನ ಚೀಟಿ ಬಿಡಿಸಿದ. ಕತ್ತರಿ ಉಸಿರು ಬಿಗಿಹಿಡಿದಳು.

"ಮೇಲ್ವಿಚಾರಕನ ಪರೀಕ್ಷೆ ಬರೆದಿರುತ್ತೇನೆ," ಎಂದು ಓದಿದ.

ಅವಳ ಸರದಿ ಬಂದಾಗ ಚೀಟಿ ಬಿಡಿಸಲೇ ಇಲ್ಲ. "ನಂದು ಡಿಪೋದವರಿಗೆಲ್ಲ ಗೊತ್ತಲ್ಲ ಮಾವ. ಬಾ, ಅಲ್ಲೇ ಮುಗಿಸೋಣ," ಅಂದಳು.

ಡಿಪೋದಲ್ಲಿ ಕೋಟು ಹೊರತೆಗೆದಾಗ ನಗಲು ಸಜ್ಜಾಗಿದ್ದ ಬಾಯಿಗಳು ಹಾಗೇ ನಿಂತವು. ಮಾವನ ಮೈಗೆ ಎರಕ ಹೊಯ್ದಂತೆ ಕೂತಿತ್ತು. ಕಂಡಕ್ಟರುಗಳು ಭುಜ ಸವರಿ ನೋಡಿದರು. ಮಾವ ಬೀಗಿದ.

"ಅಸ್ತರು ನೋಡು ಮಾವ. ಗಟ್ಟಿಯಾಗಿ ಓದು, ನಂದು ಓದಿದೆಯಲ್ಲ, ಹಾಗೆ."

ಮೊದಲ ಸಾಲನ್ನು ಅದೇನೆಂದು ಹೊಳೆಯುವ ಮೊದಲೇ ಓದಿಬಿಟ್ಟ. ಮೂರನೆಯದಕ್ಕೆ ದನಿ ಉಡುಗಿತು. ಅಲ್ಲಿಂದ ಮುಂದೆ ಕಂಡಕ್ಟರುಗಳೇ ಬಗ್ಗಿ ನೋಡಿ ಒಕ್ಕೊರಲಿನಿಂದ ಓದಿದರು. ಮೇಲ್ವಿಚಾರಕರೇ, ನಾಳೆ ರಜೆ ಬೇಕಿತ್ತು ಎಂದು ಒಬ್ಬ ಕೈ ಮುಗಿದ. ಮಾವ ಕೋಟನ್ನು ಎಳೆದು ಮುಚ್ಚಿಕೊಂಡ. ಬೆರಳು ತಡಕಾಡಿತು. ಕಾಜಾ ಇತ್ತು, ನಡುವಿನ ಗುಂಡಿ ಇರಲಿಲ್ಲ. ಅದು ಕತ್ತರಿಯ ಮುಷ್ಟಿಯಲ್ಲಿತ್ತು.

"ಹಾಕೇ," ಎಂದ ಮೆಲ್ಲಗೆ.

"ಕೇಳಿಸಲಿಲ್ಲ."

"ಹಾಕಮ್ಮ. ತಪ್ಪಾಯ್ತು."

ಆಗ ಅವಳು ಸೂಜಿಗೆ ದಾರ ಪೋಣಿಸಿದಳು. ಎರಡೆಳೆ. ಅವಸರವೇ ಇಲ್ಲ. ಅವನ ಎದೆಯ ಮೇಲೇ ಗುಂಡಿಯಿಟ್ಟು, ಎಲ್ಲರ ಕಣ್ಣೆದುರು, ಎಂಟು ಸಲ ಸೂಜಿ ಒಳಗೆ ಹೊರಗೆ ಆಡಿಸಿದಳು. ಗಂಟನ್ನು ಒಳಗೆ ಅಡಗಿಸಿ, ಹಲ್ಲಿನಿಂದ ದಾರ ಕಡಿದು, ಗುಂಡಿಯನ್ನು ಕಾಜಾದೊಳಗೆ ತೂರಿಸಿದಳು.

ಕೋಟು ಮುಗಿಯಿತು.