ಹೆರಿಗೆಗೆ ನಡೆದು ಹೋದ ಮಂಚಮ್ಮ

ದುದ್ದದ ಸೂಲಗಿತ್ತಿ ಮಂಚಮ್ಮನ ಕೈಗುಣ ಸುತ್ತ ಹತ್ತೂರಿಗೆ ಗೊತ್ತಿತ್ತು. ಮೊದಮೊದಲು ಹೆರಿಗೆ ಅಂದರೆ ಸೆರಗು ಬಿಗಿದು ನಡೆದೇ ಹೋಗುತ್ತಿದ್ದಳು. ಹೆಸರು ಬಂದಮೇಲೆ ಬಾಗಿಲಿಗೆ ಗಾಡಿ ಬರತೊಡಗಿತು. ಹೆರಿಗೆಯಾದ ಮನೆಯಲ್ಲಿ ತುಪ್ಪ ಸುರಿದು ಬಡಿಸುತ್ತಿದ್ದರು. ಹೊರಡುವಾಗ ಮಡಿಲಿಗೆ ತಂಬಿಟ್ಟು, ಬೆಲ್ಲದಚ್ಚು. ಬೇಡ ಅಂದರೆ ಬಾಣಂತಿಗೆ ಕೇಡು ಬಗೆದಂತೆ. ಹತ್ತು ವರ್ಷದಲ್ಲಿ ಮೈ ಊದಿಕೊಂಡಿತು. ಒಂದು ದಿನ ಹೆರುವವಳ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಏಳಲಾರದೆ ಹೋದಳು. ಇಬ್ಬರು ಹೆಂಗಸರು ರಟ್ಟೆ ಹಿಡಿದು ಎತ್ತಬೇಕಾಯಿತು.

ಮಂಡ್ಯದ ಡಾಕ್ಟರಮ್ಮ ತೂಗಿ ನೋಡಿದರು. ಇನ್ನೂರು ರಾತ್ಲು, ಇಬ್ಬರು ಹೆಂಗಸರ ತೂಕ. "ಇಳಿಸದೆ ಇದ್ರೆ ಮಂಡಿ ಉಳಿಯಲ್ಲ," ಅಂದರು.

ಮಂಚಮ್ಮ ಹಟಗಾತಿ. ಐದು ತಿಂಗಳು ಒಪ್ಪತ್ತು ಗಂಜಿ ಕುಡಿದು ನಲವತ್ತು ರಾತ್ಲು ಇಳಿಸಿದಳು. ಗಾಡಿಯನ್ನು ಮಾತ್ರ ಬಿಡಲಿಲ್ಲ. ಹಸಿವನ್ನು ಎಷ್ಟು ದಿನ ಕಟ್ಟಿಹಾಕಲಾದೀತು? ಉಣ್ಣಲು ಶುರುಮಾಡಿದ್ದೇ ತಡ, ಮುಂದಿನ ಸುಗ್ಗಿಯೊಳಗೆ ಇಳಿದದ್ದೂ ಬಂತು, ಮೇಲೆ ಐದು ರಾತ್ಲು ಹೆಚ್ಚೇ ಬಂತು.

"ಹಸಿದ್ರೆ ಇಳಿಯುತ್ತೆ, ಮಂಚಮ್ಮ. ಇಳಿದದ್ದು ಹಾಗೇ ನಿಲ್ಲಬೇಕಾದ್ರೆ ನಡೀಬೇಕು," ಅಂದರು ಡಾಕ್ಟರಮ್ಮ. "ಹೊತ್ತಿಗೊಂದು ಸಣ್ಣ ಮುದ್ದೆ, ಸೊಪ್ಪು, ಮಜ್ಜಿಗೆ. ಸಿಹಿ ಮುಟ್ಟಬೇಡ. ದಿನಾ ನಡಿ."

"ಎಷ್ಟು ದಿನ ಡಾಕ್ಟ್ರವ್ವ?"

"ಬದುಕಿರೋ ತನಕ."

ಈ ಸಲ ಹಾಗೇ ಮಾಡಿದಳು. ಯುದ್ಧದ ಕಾಲ, ಬಡಿಸುವ ಕೈಗಳೂ ಬಿಗಿಯಾಗಿದ್ದವು. ಬಂದ ಗಾಡಿಗಳನ್ನೆಲ್ಲ ಹಿಂದಕ್ಕೆ ಕಳಿಸಿ ನಡೆದೇ ಹೋದಳು. ಮೈ ಮೆಲ್ಲಗೆ ಇಳಿಯಿತು, ಇಳಿದದ್ದು ಒಂದು ವರ್ಷ ನಿಂತಿತು. ಒಂದು ಸಲ ಗಾಡಿ ಹತ್ತಿದರೆ ಎರಡನೇ ಸಲವೂ ಹತ್ತುತ್ತೇನೆ ಅನ್ನುವ ಭಯ ಅವಳನ್ನು ಬಿಟ್ಟಿರಲಿಲ್ಲ.

ಅಂಥ ದಿನಗಳಲ್ಲೇ ಬಸರಾಳು ಕಡೆಯ ಚಿಕ್ಕಮಾದು ಎತ್ತು ಓಡಿಸಿಕೊಂಡು ಬಂದ. ಅವನ ಹೆಂಡತಿ ಚಿಕ್ಕನಂಜಮ್ಮನಿಗೆ ನೋವು ಬಂದಿತ್ತು.

"ಬೇಗ ಅತ್ತವ್ವ!"

"ಚೊಚ್ಚಲು ಕಣ್ಲಾ, ಇನ್ನೂ ಬೇಕಾದಷ್ಟು ಒತ್ತದೆ. ನೀ ಓಗು, ನಾ ನಡ್ಕೊಂಡೇ ಬತ್ತೀನಿ."

ಎರಡು ಹರದಾರಿ, ಅಂದರೆ ಆರು ಮೈಲಿ ದಾರಿ. ಅವಳು ತಲುಪುವಷ್ಟರಲ್ಲಿ ಕೂಸು ಹುಟ್ಟಿತ್ತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು, ನೀಲಿಗಟ್ಟಿ, ಉಸಿರಿಲ್ಲದೆ ಬಿದ್ದಿತ್ತು. ಚಿಕ್ಕಮಾದುವಿನ ತಾಯಿ ಪುಟ್ಟಮಾದಮ್ಮ ಬಾಗಿಲಲ್ಲೇ ತಡೆದಳು.

"ನಿನ್ನ ಮೈ ಇಳೀಲಿ ಅಂತ ನನ್ನ ಮೊಮ್ಮಗ ಓಗ್ಬೇಕಿತ್ತಾ?"

ಮಂಚಮ್ಮ ತಲೆ ತಗ್ಗಿಸಿ ಅವಳನ್ನು ದಾಟಿ ಬಾಣಂತಿಯ ಹತ್ತಿರ ಹೋದಳು.

ಅಂದಿನಿಂದ ಕರೆದವರ ಗಾಡಿ ಹತ್ತಿದಳು. ಮನೆಗೆ ಬಂದರೆ ಆ ನೀಲಿ ಮುಖ ಕಣ್ಣಿಗೆ ಕಟ್ಟುತ್ತಿತ್ತು, ತಡೆಯಲಾರದೆ ಗುಡಾಣಕ್ಕೆ ಕೈಹಾಕಿ ಬೆಲ್ಲ ತಿನ್ನುತ್ತಿದ್ದಳು. ಎಂಟು ತಿಂಗಳಲ್ಲಿ ಮೂವತ್ತು ರಾತ್ಲು ಏರಿತು. ಮಂಡಿ ಮತ್ತೆ ಕಿರುಗುಟ್ಟತೊಡಗಿತು. ಮಂಡ್ಯಕ್ಕೆ ಹೋಗಿ ಡಾಕ್ಟರಮ್ಮನ ಕಾಲು ಹಿಡಿದಳು.

"ಏನಾದ್ರೂ ಔಸ್ತಿ ಕೊಡಿ, ಕರಗಿಸ್ಬುಡಿ. ನಡುದ್ರೆ ಕೂಸು ಸಾಯ್ತದೆ, ನಡೀದಿದ್ರೆ ಕೂರೋಕಾಗಕ್ಕಿಲ್ಲ. ನಾನೇನು ಮಾಡ್ಲಿ ತಾಯಿ?"

"ಅಂಥ ಔಷಧಿ ಇಲ್ಲ ಕಣಮ್ಮ," ಅಂದರು ಡಾಕ್ಟರಮ್ಮ. ಅವರ ಕಣ್ಣೂ ತುಂಬಿತ್ತು.

ವರ್ಷ ತುಂಬುವ ಹೊತ್ತಿಗೆ ಚಿಕ್ಕಮಾದು ಮತ್ತೆ ಬಂದ. "ನಮ್ಮವ್ವ ಬ್ಯಾಡ ಅಂದ್ಲು. ನನ್ನೆಂಡ್ರು ನೀನೇ ಬೇಕು ಅಂತವ್ಳೆ."

ಮಂಚಮ್ಮ ಗಾಡಿ ಹತ್ತಿದಳು. ಹೆರುವವಳ ಮುಂದೆ ಹಲ್ಲು ಕಚ್ಚಿ ಕುಕ್ಕರುಗಾಲಲ್ಲಿ ಕೂತಳು, ಮಂಡಿ ಉರಿಯಿತು, ಏಳಲಿಲ್ಲ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಹೆಣ್ಣುಕೂಸು ಗಟ್ಟಿಯಾಗಿ ಅತ್ತಿತು.

ಪುಟ್ಟಮಾದಮ್ಮ ಮುದ್ದೆ, ಸಾರು, ಪಾಯಸ ತಂದಿಟ್ಟಳು. ಮಂಚಮ್ಮ ಅರ್ಧ ಮುದ್ದೆ ಉಂಡು ಪಾಯಸ ಸರಿಸಿದಳು.

"ಇನ್ನೂ ಸಿಟ್ಟಾ ನನ್ ಮ್ಯಾಲೆ?"

"ಇಲ್ಲ ಕಣವ್ವ. ನನ್ ಮೈ ನನ್ ಮಾತು ಕೇಳಕ್ಕಿಲ್ಲ."

ಚಿಕ್ಕಮಾದು ಎತ್ತು ಕಟ್ಟಿದ. ಮಂಚಮ್ಮ ಬೇಡ ಅಂದಳು. ಬರುವಾಗ ಗಾಡಿ, ಹೋಗುವಾಗ ಕಾಲು ಅಂತ ಅಲ್ಲೇ ನಿಶ್ಚಯಿಸಿದ್ದಳು. ಅಷ್ಟರಿಂದ ಮೈ ಏರದೆ ನಿಂತೀತೋ ಇಲ್ಲವೋ ತಿಳಿಯದು. ಅರ್ಧ ಹರದಾರಿಗೆ ಮಂಡಿ ಸೋತಿತು. ಮೋರಿಕಟ್ಟೆಯ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಕಟ್ಟೆ ಹಿಡಿದುಕೊಂಡು ಎದ್ದು ದುದ್ದದ ದಾರಿ ಹಿಡಿದಳು.